ಗಣಕಯಂತ್ರದ ಸ್ಥಳಾಂತರ: ಪ್ರತಿ, ಪರೀಕ್ಷೆ, ಪುನಃಸ್ಥಾಪನೆ

ವಿದ್ಯಾಸಂಸ್ಥೆಯೊಂದರ ಕಾರ್ಯಾಲಯದಲ್ಲಿ ಇಂದು ಗಣಕಯಂತ್ರವು ಪಡೆದಿರುವ ಸ್ಥಾನವನ್ನು ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ. ಪ್ರವೇಶದ ವಿವರ, ಹಾಜರಿ, ಶುಲ್ಕದ ಲೆಕ್ಕ, ಪರೀಕ್ಷೆಯ ಅಂಕಪಟ್ಟಿ, ವರ್ಗಾವಣೆ ಪತ್ರ, ಅಧ್ಯಾಪಕರ ವೇತನಪಟ್ಟಿ ಇವೆಲ್ಲವೂ ಒಂದು ಕಾಲಕ್ಕೆ ರಟ್ಟು ಕಟ್ಟಿದ ದಪ್ಪ ಪುಸ್ತಕಗಳಾಗಿ ಬೀರುಗಳನ್ನು ತುಂಬಿದ್ದವು. ಈಗ ಅವು ಅಂಗೈಯಗಲದ ಒಂದು ಪೆಟ್ಟಿಗೆಯೊಳಗೆ ಅಡಗಿವೆ. ಮೂವತ್ತು ವರ್ಷಗಳ ಹಿಂದೆ ಶಾಲೆಯನ್ನು ಬಿಟ್ಟವನು ಇಂದು ಬಂದು ತನ್ನ ಜನ್ಮದಿನಾಂಕದ ದೃಢೀಕರಣವನ್ನು ಕೇಳಿದರೆ ಒದಗಿಸಿಕೊಡಬೇಕಾದುದು ಸಂಸ್ಥೆಯ ಕರ್ತವ್ಯ. ಆದರೆ ಗಣಕಯಂತ್ರಕ್ಕೆ ಮೂವತ್ತು ವರ್ಷಗಳ ಆಯುಸ್ಸಿಲ್ಲ. ಹತ್ತು ವರ್ಷ ದುಡಿದ ಯಂತ್ರವನ್ನು ವೃದ್ಧವೆಂದೇ ಎಣಿಸಬೇಕು. ಹೀಗೆ ದೀರ್ಘಕಾಲ ಉಳಿಯಬೇಕಾದ ದಾಖಲೆಯನ್ನು ಅಲ್ಪಾಯುವಾದ ಯಂತ್ರದಲ್ಲಿ ಇಟ್ಟಿರುವುದರಿಂದ, ಒಂದು ಯಂತ್ರದಲ್ಲಿರುವುದನ್ನು ಮತ್ತೊಂದಕ್ಕೆ ಲೋಪವಿಲ್ಲದೆ ಸಾಗಿಸುವ ವಿದ್ಯೆ ಎಲ್ಲ ಸಂಸ್ಥೆಗಳಿಗೂ ಅವಶ್ಯವಾಗಿದೆ. ಆ ವಿದ್ಯೆಯ ತತ್ತ್ವವನ್ನೂ ಕ್ರಮವನ್ನೂ ತಿಳಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕನ್ನಡ ಪಂಡಿತನಿಗೂ ಗಣಕಯಂತ್ರಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ನಮ್ಮ ಪ್ರಾಚೀನ ಗ್ರಂಥಗಳು ಓಲೆಗರಿಯಿಂದ ಓಲೆಗರಿಗೆ, ಓಲೆಗರಿಯಿಂದ ಕಾಗದಕ್ಕೆ, ಕಾಗದದಿಂದ ಅಚ್ಚಿಗೆ ಸಾಗಿ ಬಂದುದರಿಂದ ಮಾತ್ರವೇ ನಮ್ಮವರೆಗೆ ಉಳಿದಿವೆ. ಪ್ರತಿ ಮಾಡುವಲ್ಲಿ ಉಳಿಯುವುದು ಯಾವುದು, ಕಳೆದುಹೋಗುವುದು ಯಾವುದು, ಪ್ರತಿಯು ಮೂಲಕ್ಕೆ ನಿಷ್ಠವಾಗಿದೆಯೆಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆಗಳು ಗ್ರಂಥಸಂಪಾದನೆಯನ್ನು ಅಭ್ಯಾಸ ಮಾಡಿದವರಿಗೆ ಹೊಸವಲ್ಲ. ಯಂತ್ರದ ವಿಷಯದಲ್ಲಿಯೂ ಪ್ರಶ್ನೆಗಳು ಇವೇ ಆಗಿವೆ.

ಈ ವಿಷಯವನ್ನು ಈಗ ಎತ್ತಿಕೊಳ್ಳಲು ಒಂದು ತಕ್ಷಣದ ಕಾರಣವೂ ಇದೆ. ಮೈಕ್ರೋಸಾಫ್ಟ್ ಸಂಸ್ಥೆಯು 2015ರ ಜುಲೈ ತಿಂಗಳಲ್ಲಿ ಹೊರತಂದ ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಅದರ ಮುಂದಿನದಾದ ವಿಂಡೋಸ್ 11 ಎಲ್ಲ ಯಂತ್ರಗಳಲ್ಲಿಯೂ ನೆಲೆಗೊಳ್ಳುವುದಿಲ್ಲ. ಟಿ.ಪಿ.ಎಂ. 2.0 ಎಂಬ ಭದ್ರತಾ ಘಟಕವೂ ಯು.ಇ.ಎಫ್.ಐ. ಎಂಬ ಹೊಸ ಬಗೆಯ ಆರಂಭಿಕ ತಂತ್ರಾಂಶವೂ ಸಾಕಷ್ಟು ಹೊಸದಾದ ಸಂಸ್ಕಾರಕವೂ ಅದಕ್ಕೆ ಬೇಕು. ಆದುದರಿಂದ ಕೆಟ್ಟಿರದ ಯಂತ್ರಗಳನ್ನು ಕೂಡ ಬದಲಿಸಬೇಕಾದ ಪ್ರಸಂಗ ಅನೇಕ ಕಾರ್ಯಾಲಯಗಳಿಗೆ ಒದಗಿದೆ.

ಯಂತ್ರದೊಳಗೆ ಇರುವುದೇನು?

ಹೊರಗಿನಿಂದ ನೋಡುವವರಿಗೆ ಗಣಕಯಂತ್ರವು ಒಂದೇ ವಸ್ತುವಾಗಿ ಕಾಣುತ್ತದೆ. ವಸ್ತುತಃ ಅದರಲ್ಲಿ ಒಂದರ ಮೇಲೊಂದು ನಿಂತ ಐದು ಸ್ತರಗಳಿವೆ. ಎಲ್ಲಕ್ಕಿಂತ ಕೆಳಗಿರುವುದು ಯಂತ್ರಾಂಶ, ಅಂದರೆ ಸಂಸ್ಕಾರಕ, ಸ್ಮೃತಿಕೋಶ, ಹಾರ್ಡ್ ಡಿಸ್ಕ್ ಮೊದಲಾದ ಭೌತಿಕ ಭಾಗಗಳು. ಅದರ ಮೇಲೆ ಆ ಭಾಗಗಳನ್ನು ನಡೆಸುವ ಚಿಕ್ಕ ತಂತ್ರಾಂಶಗಳಿವೆ. ಇವುಗಳಿಗೆ ಡ್ರೈವರ್ ಎಂದು ಹೆಸರು. ಮೂರನೆಯದು ವಿಂಡೋಸ್‌ನಂತಹ ಕಾರ್ಯಾಚರಣ ವ್ಯವಸ್ಥೆ. ನಾಲ್ಕನೆಯದು ಪತ್ರ ಬರೆಯುವುದಕ್ಕೆ, ಲೆಕ್ಕವಿಡುವುದಕ್ಕೆ, ಅಂಕಪಟ್ಟಿ ಸಿದ್ಧಪಡಿಸುವುದಕ್ಕೆ ನಾವು ಬಳಸುವ ಆನ್ವಯಿಕ ತಂತ್ರಾಂಶಗಳು. ಐದನೆಯದೂ ಎಲ್ಲಕ್ಕಿಂತ ಬೆಲೆಯುಳ್ಳದ್ದೂ ಆದುದು ದತ್ತಾಂಶ, ಅಂದರೆ ನಮ್ಮ ಬರಹ, ನಮ್ಮ ಲೆಕ್ಕ, ನಮ್ಮ ದಾಖಲೆ.

ಈ ಐದರಲ್ಲಿ ಮೊದಲ ಎರಡು ಯಂತ್ರಕ್ಕೆ ಸೇರಿದವು. ಕೊನೆಯದು ಸಂಪೂರ್ಣವಾಗಿ ನಮ್ಮದು. ನಡುವಣ ಎರಡು ಅರ್ಧ ಅಲ್ಲಿಗೆ, ಅರ್ಧ ಇಲ್ಲಿಗೆ ಸೇರಿದವು. ಸ್ಥಳಾಂತರದಲ್ಲಿ ಒದಗುವ ತೊಡಕುಗಳಲ್ಲಿ ಹೆಚ್ಚಿನವು ಈ ವಿವೇಕವನ್ನು ಮರೆಯುವುದರಿಂದ ಹುಟ್ಟುತ್ತವೆ. ಯಂತ್ರಕ್ಕೆ ಸೇರಿದುದನ್ನು ಹೊತ್ತು ತರುವುದು ವ್ಯರ್ಥ. ನಮಗೆ ಸೇರಿದುದನ್ನು ಬಿಟ್ಟು ಬರುವುದು ನಷ್ಟ.

ಡ್ರೈವರ್ ಎಂಬುದರ ಸ್ವರೂಪವನ್ನು ವ್ಯಾಕರಣದ ಒಂದು ದೃಷ್ಟಾಂತದಿಂದ ವಿಶದಪಡಿಸಬಹುದು. ‘ಮನೆ’ ಎಂಬ ಪ್ರಕೃತಿಗೆ ‘ಅನ್ನು’ ಪ್ರತ್ಯಯವು ಸೇರುವಾಗ ನಡುವೆ ಯಕಾರವು ಬಂದು ‘ಮನೆಯನ್ನು’ ಎಂದಾಗುತ್ತದೆ. ‘ಗುರು’ ಎಂಬ ಪ್ರಕೃತಿಗೆ ಅದೇ ಪ್ರತ್ಯಯವು ಸೇರುವಾಗ ವಕಾರವು ಬಂದು ‘ಗುರುವನ್ನು’ ಎಂದಾಗುತ್ತದೆ. ಪ್ರತ್ಯಯ ಒಂದೇ, ಪ್ರಕೃತಿ ಬದಲಾದಂತೆ ನಡುವೆ ಬರುವ ಆಗಮವು ಬದಲಾಗುತ್ತದೆ. ‘ಗುರುಯನ್ನು’ ಎಂದು ಬರೆದರೆ ಭಾಷೆ ಒಪ್ಪುವುದಿಲ್ಲ. ಹಾಗೆಯೇ ವಿಂಡೋಸ್ ಒಂದೇ ಆದರೂ ಕೆಳಗಿನ ಯಂತ್ರಾಂಶವು ಬದಲಾದಾಗ ನಡುವಣ ಡ್ರೈವರ್ ಕೂಡ ಬದಲಾಗಲೇಬೇಕು. ಹಳೆಯ ಯಂತ್ರದ ಡ್ರೈವರನ್ನು ಹೊಸ ಯಂತ್ರಕ್ಕೆ ತಂದರೆ ಸಂಧಿಯು ಕೂಡುವುದಿಲ್ಲ.

ಪ್ರತಿಯ ಎರಡು ಬಗೆಗಳು

ಬ್ಯಾಕಪ್ ಎಂದು ಕರೆಯಲ್ಪಡುವ ರಕ್ಷಣಾಪ್ರತಿಯು ಎರಡು ಬಗೆಯಾಗಿದೆ. ಮೊದಲನೆಯದು ಕಡತಗಳ ಪ್ರತಿ. ಇದರಲ್ಲಿ ನಾವು ಆಯ್ದ ಕಡತಗಳು ಮಾತ್ರ ಬೇರೊಂದು ಡಿಸ್ಕಿಗೆ ನಕಲಾಗುತ್ತವೆ. ಎರಡನೆಯದು ಇಡೀ ಡಿಸ್ಕಿನ ಪ್ರತಿಬಿಂಬ. ತಜ್ಞರು ಇದನ್ನು ಇಮೇಜ್ ಎನ್ನುತ್ತಾರೆ. ಇದರಲ್ಲಿ ಕಾರ್ಯಾಚರಣ ವ್ಯವಸ್ಥೆ, ತಂತ್ರಾಂಶಗಳು, ಅವುಗಳ ಹೊಂದಾಣಿಕೆಗಳು, ಅಕ್ಷರವಿನ್ಯಾಸಗಳು, ದತ್ತಾಂಶ ಎಲ್ಲವೂ ಡಿಸ್ಕಿನಲ್ಲಿ ಯಾವ ಕ್ರಮದಲ್ಲಿದ್ದವೋ ಅದೇ ಕ್ರಮದಲ್ಲಿ ಅಡಕವಾಗಿ ಒಂದು ದೊಡ್ಡ ಕಡತವಾಗಿ ಸಿದ್ಧವಾಗುತ್ತವೆ. ಖಾಲಿ ಸ್ಥಳವನ್ನು ಬಿಟ್ಟು ಬಳಕೆಯಲ್ಲಿರುವ ಸ್ಥಳವನ್ನು ಮಾತ್ರ ಓದಿ ಸಂಕ್ಷೇಪಿಸುವುದರಿಂದ ಪ್ರತಿಬಿಂಬವು ಡಿಸ್ಕಿನ ಪೂರ್ಣ ಗಾತ್ರಕ್ಕಿಂತ ಸಾಮಾನ್ಯವಾಗಿ ಚಿಕ್ಕದಾಗಿಯೇ ಇರುತ್ತದೆ.

ಯಂತ್ರವು ನಡೆಯುತ್ತಿರುವಾಗಲೇ ಅದರ ಪ್ರತಿಯನ್ನು ತೆಗೆಯುವುದು ಹೇಗೆಂಬ ಸಂದೇಹ ಬರಬಹುದು. ಪುಟವೊಂದನ್ನು ಒಬ್ಬನು ನಕಲು ಮಾಡುತ್ತಿರುವಾಗ ಮತ್ತೊಬ್ಬನು ಅದೇ ಪುಟವನ್ನು ತಿದ್ದುತ್ತಿದ್ದರೆ ನಕಲಿನ ಪೂರ್ವಾರ್ಧ ಒಂದು ಪಾಠವೂ ಉತ್ತರಾರ್ಧ ಬೇರೊಂದು ಪಾಠವೂ ಆಗಿ ಅಸಂಬದ್ಧವಾಗುತ್ತದೆ. ಇದನ್ನು ತಪ್ಪಿಸಲು ವಿಂಡೋಸ್‌ನಲ್ಲಿ ‘ವಾಲ್ಯೂಮ್ ಷ್ಯಾಡೋ ಕಾಪಿ’ ಎಂಬ ವ್ಯವಸ್ಥೆಯಿದೆ. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ಬಂದ ಈ ವ್ಯವಸ್ಥೆಯು ಒಂದು ಕ್ಷಣದಲ್ಲಿ ಡಿಸ್ಕು ಹೇಗಿತ್ತೋ ಆ ಸ್ಥಿತಿಯನ್ನು ಹಿಡಿದಿಟ್ಟು ಬ್ಯಾಕಪ್ ತಂತ್ರಾಂಶಕ್ಕೆ ತೋರಿಸುತ್ತದೆ. ಆ ಬಳಿಕ ನಡೆಯುವ ತಿದ್ದುಪಡಿಗಳು ಪ್ರತಿಯನ್ನು ಮುಟ್ಟುವುದಿಲ್ಲ.

ಪ್ರತಿದಿನವೂ ಪೂರ್ಣಪ್ರತಿಯನ್ನು ತೆಗೆಯುವುದು ದೀರ್ಘವಾದ ಕೆಲಸ. ಆದುದರಿಂದ ಮೊದಲು ಒಂದು ಪೂರ್ಣಪ್ರತಿಯನ್ನು ತೆಗೆದು ಆಮೇಲೆ ಬದಲಾದುದನ್ನು ಮಾತ್ರ ಸೇರಿಸಿಕೊಳ್ಳುವ ಕ್ರಮವುಂಟು. ಹಿಂದಿನ ಪ್ರತಿಯಿಂದೀಚೆಗೆ ಬದಲಾದುದನ್ನು ತೆಗೆದುಕೊಂಡರೆ ಅದು ವರ್ಧಮಾನ ಪ್ರತಿ. ಪೂರ್ಣಪ್ರತಿಯಿಂದೀಚೆಗೆ ಬದಲಾದುದೆಲ್ಲವನ್ನೂ ತೆಗೆದುಕೊಂಡರೆ ಅದು ಭೇದಪ್ರತಿ. ಮೊದಲನೆಯದು ಸಣ್ಣದು, ಆದರೆ ಸರಪಳಿಯಂತೆ ಒಂದನ್ನೊಂದು ಅವಲಂಬಿಸಿರುವುದರಿಂದ ನಡುವಣ ಒಂದು ಕೊಂಡಿ ಕಳಚಿದರೆ ಮುಂದಿನವೆಲ್ಲವೂ ನಿರರ್ಥಕ. ಎರಡನೆಯದು ದೊಡ್ಡದು, ಆದರೆ ಪೂರ್ಣಪ್ರತಿ ಮತ್ತು ಕೊನೆಯ ಭೇದಪ್ರತಿ ಎರಡಿದ್ದರೆ ಸಾಕು. ಸ್ಥಳಾಂತರದ ದಿನ ಮಾತ್ರ ಹೊಸದಾಗಿ ಒಂದು ಪೂರ್ಣಪ್ರತಿಯನ್ನೇ ತೆಗೆಯುವುದು ಲೇಸು.

ಹೊಸ ಯಂತ್ರವು ಹಳೆಯ ಪ್ರತಿಯನ್ನು ಏಕೆ ಒಪ್ಪುವುದಿಲ್ಲ?

ಕೆಟ್ಟ ಡಿಸ್ಕನ್ನು ತೆಗೆದು ಅದೇ ಯಂತ್ರಕ್ಕೆ ಹೊಸ ಡಿಸ್ಕನ್ನು ಹಾಕಿ ಪ್ರತಿಬಿಂಬವನ್ನು ಪುನಃಸ್ಥಾಪಿಸಿದರೆ ಯಂತ್ರವು ಹಿಂದಿನಂತೆಯೇ ಎದ್ದು ನಿಲ್ಲುತ್ತದೆ. ಬೇರೆ ಯಂತ್ರಕ್ಕೆ ಅದನ್ನೇ ಪುನಃಸ್ಥಾಪಿಸಿದಾಗ ಮೂರು ಬಗೆಯ ವಿಘ್ನಗಳು ಬರಬಹುದು.

ಮೊದಲನೆಯದು ಮೇಲೆ ಹೇಳಿದ ಡ್ರೈವರಿನದು. ಅದರಲ್ಲಿಯೂ ಡಿಸ್ಕನ್ನು ಓದಿಸುವ ಡ್ರೈವರ್ ಇಲ್ಲದಿದ್ದರೆ ವಿಂಡೋಸ್ ತಾನು ಕುಳಿತಿರುವ ಡಿಸ್ಕನ್ನೇ ಕಾಣಲಾರದೆ ನೀಲಿ ಪರದೆಯ ಮೇಲೆ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ಸಂದೇಶವನ್ನು ತೋರಿ ನಿಂತುಬಿಡುತ್ತದೆ. ಮನೆಯ ಬೀಗದ ಕೈ ಮನೆಯ ಒಳಗೇ ಉಳಿದಂತಹ ಸ್ಥಿತಿ ಇದು. ಎಕ್ಸ್‌ಪಿಯ ಕಾಲದಲ್ಲಿ ಈ ತೊಡಕು ಹೆಚ್ಚಾಗಿತ್ತು. ವಿಂಡೋಸ್ 10ರ ವೇಳೆಗೆ ಅದು ತಗ್ಗಿದೆಯೇ ಹೊರತು ಇಲ್ಲವಾಗಿಲ್ಲ. ಈ ಕಾರಣದಿಂದಲೇ ಬ್ಯಾಕಪ್ ತಂತ್ರಾಂಶಗಳಲ್ಲಿ ಕೆಲವು ಪುನಃಸ್ಥಾಪನೆಯಾದ ಮೇಲೆ, ಯಂತ್ರವನ್ನು ಆರಂಭಿಸುವ ಮೊದಲೇ, ಹೊಸ ಯಂತ್ರಾಂಶಕ್ಕೆ ಬೇಕಾದ ಡ್ರೈವರುಗಳನ್ನು ಒಳಗೆ ಸೇರಿಸುವ ಸೌಲಭ್ಯವನ್ನು ಒದಗಿಸಿವೆ. ಅಕ್ರೋನಿಸ್ ತಂತ್ರಾಂಶದಲ್ಲಿ ಇದಕ್ಕೆ ‘ಯೂನಿವರ್ಸಲ್ ರಿಸ್ಟೋರ್’ ಎಂದೂ ಮ್ಯಾಕ್ರಿಯಂ ರಿಫ್ಲೆಕ್ಟ್ ತಂತ್ರಾಂಶದಲ್ಲಿ ‘ರಿಡಿಪ್ಲಾಯ್’ ಎಂದೂ ಹೆಸರು. ಉಚಿತವಾಗಿ ದೊರೆಯುವ ಕ್ಲೋನ್‌ಜಿಲ್ಲಾ ಡಿಸ್ಕನ್ನು ನಿಷ್ಠೆಯಿಂದ ನಕಲಿಸುತ್ತದೆ. ಆದರೆ ಹೊಸ ಡಿಸ್ಕು ಹಳೆಯದಕ್ಕೆ ಸಮನಾಗಿ ಅಥವಾ ಅದಕ್ಕಿಂತ ದೊಡ್ಡದಾಗಿ ಇರಬೇಕೆಂಬುದನ್ನು ಬಳಸುವವರು ಗಮನಿಸತಕ್ಕದ್ದು.

ಎರಡನೆಯ ವಿಘ್ನವು ಯಂತ್ರವು ಆರಂಭವಾಗುವ ಕ್ರಮಕ್ಕೆ ಸಂಬಂಧಿಸಿದ್ದು. ಹಳೆಯ ಯಂತ್ರಗಳು ಬಯೋಸ್ ಎಂಬ ಆರಂಭಿಕ ತಂತ್ರಾಂಶದಿಂದಲೂ ಎಂ.ಬಿ.ಆರ್. ಎಂಬ ಡಿಸ್ಕ್ ವಿಭಾಗಕ್ರಮದಿಂದಲೂ ನಡೆಯುತ್ತಿದ್ದವು. ಎಂ.ಬಿ.ಆರ್. ಕ್ರಮದಲ್ಲಿ ಸುಮಾರು 2 ಟೆರಾಬೈಟ್‌ಗಿಂತ ದೊಡ್ಡ ಡಿಸ್ಕನ್ನು ಪೂರ್ಣವಾಗಿ ಬಳಸಲು ಆಗುವುದಿಲ್ಲ. ಹೊಸ ಯಂತ್ರಗಳು ಯು.ಇ.ಎಫ್.ಐ. ಮತ್ತು ಜಿ.ಪಿ.ಟಿ. ಎಂಬ ಕ್ರಮವನ್ನು ಅನುಸರಿಸುತ್ತವೆ. ಹಳೆಯ ಕ್ರಮದ ಪ್ರತಿಬಿಂಬವನ್ನು ಹೊಸ ಯಂತ್ರಕ್ಕೆ ಹಾಗೆಯೇ ಇಳಿಸಿದರೆ ಯಂತ್ರವು ಎಲ್ಲಿಂದ ಆರಂಭಿಸಬೇಕೆಂದು ತಿಳಿಯದೆ ಸುಮ್ಮನಾಗುತ್ತದೆ. ಇದಕ್ಕೆ ಪರಿಹಾರವಾಗಿ 2017ರಿಂದ ವಿಂಡೋಸ್ 10ರಲ್ಲಿಯೇ ‘ಎಂ.ಬಿ.ಆರ್. ಟು ಜಿ.ಪಿ.ಟಿ.’ ಎಂಬ ಪರಿವರ್ತಕವು ಸೇರಿದೆ. ಹಳೆಯ ಯಂತ್ರವು ಯು.ಇ.ಎಫ್.ಐ. ಕ್ರಮಕ್ಕೆ ಹೊಂದುವಂತಿದ್ದರೆ ಪ್ರತಿಯನ್ನು ತೆಗೆಯುವ ಮೊದಲೇ ಪರಿವರ್ತಿಸುವುದು ಸುಲಭ. ಆದರೆ ಪರಿವರ್ತನೆಗೆ ಮುಂಚೆಯೂ ಒಂದು ಪ್ರತಿ ಕೈಯಲ್ಲಿರಬೇಕು.

ಮೂರನೆಯದು ಅನುಮತಿ ಹಾಗೂ ಬೀಗದ ವಿಷಯ. ಯಂತ್ರದೊಡನೆ ಕಾರ್ಖಾನೆಯಲ್ಲಿಯೇ ಹಾಕಿ ಬಂದ ವಿಂಡೋಸ್‌ನ ಪರವಾನಗಿಯು ಆ ಯಂತ್ರಕ್ಕೆ ಮಾತ್ರ ಸಲ್ಲುತ್ತದೆ; ಹೊಸ ಯಂತ್ರಕ್ಕೆ ಅದರದೇ ಆದ ಪರವಾನಗಿ ಬೇಕು. ಡಿಸ್ಕು ಬಿಟ್‌ಲಾಕರ್ ಎಂಬ ಗೂಢಲಿಪಿಯಿಂದ ರಕ್ಷಿತವಾಗಿದ್ದರೆ ಅದನ್ನು ತೆರೆಯುವ ಕೀಲಿಯು ಹಳೆಯ ಯಂತ್ರದ ಭದ್ರತಾ ಘಟಕದಲ್ಲಿರುತ್ತದೆ. ಆ ಡಿಸ್ಕನ್ನು ಬೇರೆ ಯಂತ್ರಕ್ಕೆ ಜೋಡಿಸಿದೊಡನೆ 48 ಅಂಕಿಗಳ ಪುನಃಪ್ರಾಪ್ತಿ ಸಂಖ್ಯೆಯನ್ನು ಕೇಳುತ್ತದೆ. ಆ ಸಂಖ್ಯೆಯನ್ನು ಮೊದಲೇ ಕಾಗದದ ಮೇಲೆ ಬರೆದು ತಿಜೋರಿಯಲ್ಲಿಡದವರು ತಮ್ಮ ದಾಖಲೆಗೆ ತಾವೇ ಹೊರಗಿನವರಾಗುತ್ತಾರೆ.

ಯಾವ ಮಾರ್ಗ ಯಾರಿಗೆ?

ಇಷ್ಟು ತಿಳಿದ ಮೇಲೆ ಇಡೀ ವ್ಯವಸ್ಥೆಯನ್ನು ಸಾಗಿಸಬೇಕೆ, ದತ್ತಾಂಶವನ್ನು ಮಾತ್ರ ಸಾಗಿಸಬೇಕೆ ಎಂಬುದನ್ನು ನಿರ್ಣಯಿಸಬಹುದು. ಬಳಸುವ ತಂತ್ರಾಂಶಗಳ ಮೂಲಪ್ರತಿಗಳೂ ಪರವಾನಗಿ ಸಂಖ್ಯೆಗಳೂ ಕೈಯಲ್ಲಿದ್ದರೆ ಹೊಸ ಯಂತ್ರದಲ್ಲಿ ಹೊಸ ವಿಂಡೋಸ್‌ನೊಡನೆ ಅವುಗಳನ್ನು ಹೊಸದಾಗಿಯೇ ಸ್ಥಾಪಿಸಿ ದತ್ತಾಂಶವನ್ನು ಮಾತ್ರ ತುಂಬುವುದು ಉತ್ತಮ ಮಾರ್ಗ. ಹತ್ತು ವರ್ಷಗಳ ಕಸಕಡ್ಡಿಯು ಹಿಂದೆಯೇ ಉಳಿಯುತ್ತದೆ.

ತಂತ್ರಾಂಶದ ಮೂಲಪ್ರತಿ ಕಳೆದುಹೋಗಿದ್ದರೆ, ಅದನ್ನು ಬರೆದುಕೊಟ್ಟವರು ಈಗ ಇಲ್ಲದಿದ್ದರೆ, ಅಥವಾ ವರ್ಷಗಟ್ಟಲೆ ಮಾಡಿದ ಹೊಂದಾಣಿಕೆಗಳನ್ನು ಮತ್ತೆ ಮಾಡಲು ಸಾಧ್ಯವಿಲ್ಲದಿದ್ದರೆ ಪ್ರತಿಬಿಂಬದ ಮೂಲಕ ಇಡೀ ವ್ಯವಸ್ಥೆಯನ್ನೇ ಸಾಗಿಸಬೇಕು. ಇಲ್ಲಿ ಮೂರನೆಯ ಒಂದು ಮಾರ್ಗವೂ ಉಂಟು. ಹೊಸ ಯಂತ್ರದೊಳಗೆ ತಂತ್ರಾಂಶದಿಂದಲೇ ರಚಿತವಾದ ಒಂದು ಕಲ್ಪಿತ ಯಂತ್ರವನ್ನು ನಿರ್ಮಿಸಿ ಹಳೆಯ ವ್ಯವಸ್ಥೆಯನ್ನು ಅದರಲ್ಲಿ ನೆಲೆಗೊಳಿಸಬಹುದು. ಮೈಕ್ರೋಸಾಫ್ಟ್ ಸಂಸ್ಥೆಯದೇ ಆದ ‘ಡಿಸ್ಕ್ ಟು ವಿ.ಎಚ್.ಡಿ.’ ಎಂಬ ಉಚಿತ ಸಾಧನವು ನಡೆಯುತ್ತಿರುವ ಯಂತ್ರದ ಡಿಸ್ಕನ್ನು ಇಂತಹ ಕಲ್ಪಿತ ಯಂತ್ರಕ್ಕೆ ಒಪ್ಪುವ ರೂಪಕ್ಕೆ ತರುತ್ತದೆ. ಹಳೆಯ ವಿಂಡೋಸ್ ಅಂತರ್ಜಾಲದ ಸೋಂಕಿಲ್ಲದೆ ಅದರೊಳಗೆ ತನ್ನ ಒಂದು ಕೆಲಸವನ್ನು ಮಾಡಿಕೊಂಡಿರುತ್ತದೆ.

ಕಾರ್ಯದ ಕ್ರಮ

ಇನ್ನು ಅನುಷ್ಠಾನದ ಕ್ರಮ. ಮೊದಲು ಯಂತ್ರದಲ್ಲಿರುವ ಎಲ್ಲವನ್ನೂ ಪಟ್ಟಿ ಮಾಡಬೇಕು: ಯಾವ ತಂತ್ರಾಂಶ, ಅದರ ಯಾವ ಆವೃತ್ತಿ, ಅದರ ದತ್ತಾಂಶ ಎಲ್ಲಿದೆ, ಗುಪ್ತಪದಗಳು ಯಾರ ಬಳಿ ಇವೆ, ಯಾವ ಮುದ್ರಣಯಂತ್ರ ಜೋಡಿಸಿದೆ. ಲೆಕ್ಕದ ತಂತ್ರಾಂಶಗಳು ತಮ್ಮ ದತ್ತಾಂಶವನ್ನು ಬಳಕೆದಾರನ ಕಡತಗಳ ಜೊತೆಯಲ್ಲಿಡದೆ ತಮ್ಮದೇ ಒಂದು ಮೂಲೆಯಲ್ಲಿ ಇಟ್ಟುಕೊಂಡಿರುವುದುಂಟು. ಪಟ್ಟಿ ಮಾಡದವರಿಗೆ ಅದು ಕಾಣುವುದೇ ಇಲ್ಲ.

ಎರಡನೆಯದಾಗಿ, ಬ್ಯಾಕಪ್ ತಂತ್ರಾಂಶದಿಂದ ರಕ್ಷಣಾ ಪೆನ್ ಡ್ರೈವ್ ಒಂದನ್ನು ಸಿದ್ಧಪಡಿಸಬೇಕು. ಯಂತ್ರದಲ್ಲಿ ವಿಂಡೋಸ್ ಇಲ್ಲದಿದ್ದರೂ ಯಂತ್ರವನ್ನು ಎಬ್ಬಿಸಿ ಪ್ರತಿಯನ್ನು ಪುನಃಸ್ಥಾಪಿಸಬಲ್ಲದ್ದು ಇದು. ಇದನ್ನು ಸಿದ್ಧಪಡಿಸಿದರೆ ಸಾಲದು. ಹೊಸ ಯಂತ್ರಕ್ಕೆ ಚುಚ್ಚಿ, ಅದರಿಂದ ಯಂತ್ರವು ಆರಂಭವಾಗುವುದೆ, ಹೊಸ ಡಿಸ್ಕು ಕಾಣಿಸುವುದೆ, ಪ್ರತಿಯಿರುವ ಡಿಸ್ಕು ಕಾಣಿಸುವುದೆ ಎಂದು ಮೊದಲೇ ನೋಡಬೇಕು. ಕಾಣದಿದ್ದರೆ ತಯಾರಕರ ಜಾಲತಾಣದಿಂದ ಡಿಸ್ಕಿನ ಡ್ರೈವರನ್ನು ತಂದು ಸೇರಿಸಿಕೊಳ್ಳಬೇಕು.

ಮೂರನೆಯದು ಕಾಲದ ಲೆಕ್ಕ. 500 ಗಿಗಾಬೈಟ್ ದತ್ತಾಂಶವನ್ನು ಹಳೆಯ ಯು.ಎಸ್.ಬಿ. 2.0 ಕಿಂಡಿಯ ಮೂಲಕ ಸೆಕೆಂಡಿಗೆ 35 ಮೆಗಾಬೈಟ್‌ನಂತೆ ಸಾಗಿಸಿದರೆ ಸುಮಾರು 4 ಗಂಟೆಗಳು ಹಿಡಿಯುತ್ತವೆ. ಸೆಕೆಂಡಿಗೆ 100 ಮೆಗಾಬೈಟ್ ಸಾಗಿದರೆ ಒಂದೂವರೆ ಗಂಟೆಗೆ ಸ್ವಲ್ಪ ಕಡಮೆ. ಪುನಃಸ್ಥಾಪನೆಗೂ ಪರೀಕ್ಷೆಗೂ ಅಷ್ಟಷ್ಟೇ ಕಾಲ ಬೇಕು. ಆದುದರಿಂದ ಪರೀಕ್ಷೆಯ ಶುಲ್ಕ ಕಟ್ಟುವ ವಾರದಲ್ಲಿ ಈ ಕೆಲಸಕ್ಕೆ ಕೈಹಾಕದೆ ರಜಾದಿನಗಳನ್ನು ಆರಿಸಿಕೊಳ್ಳಬೇಕು.

ನಾಲ್ಕನೆಯದು ಸ್ತಂಭನ. ಕೊನೆಯ ಪ್ರತಿಯನ್ನು ತೆಗೆದ ಕ್ಷಣದಿಂದ ಹಳೆಯ ಯಂತ್ರದಲ್ಲಿ ಒಂದು ಅಕ್ಷರವನ್ನೂ ಬರೆಯಬಾರದು. ಪ್ರತಿಯಾದ ಮೇಲೆ ಹಳೆಯದರಲ್ಲಿ ಬರೆದ ನಾಲ್ಕು ರಸೀದಿಗಳು ಹೊಸದರಲ್ಲಿ ಇರುವುದಿಲ್ಲ. ಎರಡು ಪುಸ್ತಕಗಳ ಲೆಕ್ಕ ಅಂದಿನಿಂದ ಎಂದಿಗೂ ಕೂಡುವುದಿಲ್ಲ. ಅನಿವಾರ್ಯವಾದರೆ ಆ ಅವಧಿಯ ವ್ಯವಹಾರವನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು.

ಐದನೆಯದಾಗಿ, ಪೂರ್ಣಪ್ರತಿಯನ್ನು ತೆಗೆದು ತಂತ್ರಾಂಶದಲ್ಲಿಯೇ ಇರುವ ಪರಿಶೀಲನೆಯ ಸೌಲಭ್ಯದಿಂದ ಅದನ್ನು ಪರೀಕ್ಷಿಸಿ, ಹೊಸ ಯಂತ್ರದಲ್ಲಿ ಪುನಃಸ್ಥಾಪಿಸಿ, ಡ್ರೈವರುಗಳನ್ನು ಸೇರಿಸಿ ಆರಂಭಿಸಬೇಕು. ಹೊಸ ಯಂತ್ರವು ಹಳೆಯದರ ಹೆಸರನ್ನೂ ಜಾಲದ ವಿಳಾಸವನ್ನೂ ಹೊತ್ತುಕೊಂಡೇ ಹುಟ್ಟುವುದರಿಂದ ಎರಡನ್ನೂ ಏಕಕಾಲಕ್ಕೆ ಒಂದೇ ಜಾಲಕ್ಕೆ ಜೋಡಿಸಬಾರದು. ಒಂದೇ ತರಗತಿಯಲ್ಲಿ ಒಂದೇ ಹೆಸರಿನ ಇಬ್ಬರು ಹಾಜರಿ ಕೂಗಿದಾಗ ಒಟ್ಟಿಗೆ ಓಗೊಟ್ಟಂತಾಗುತ್ತದೆ.

ಪರೀಕ್ಷಿಸದ ಪ್ರತಿಯು ಪ್ರತಿಯಲ್ಲ

ಈ ಲೇಖನದಲ್ಲಿ ಒಂದೇ ಒಂದು ಮಾತನ್ನು ನೆನಪಿಡಬೇಕಾದರೆ ಅದು ಇದು: ಪುನಃಸ್ಥಾಪಿಸಿ ನೋಡದ ಪ್ರತಿಯನ್ನು ಪ್ರತಿಯೆಂದು ಎಣಿಸಬಾರದು. ಓಲೆಯ ಗ್ರಂಥವನ್ನು ನಕಲು ಮಾಡಿದ ಮೇಲೆ ಮೂಲದೊಡನೆ ಇಟ್ಟು ಓದಿ ತಾಳೆ ನೋಡದಿದ್ದರೆ ಅಕ್ಷರ ಜಾರಿದುದಾಗಲಿ ಪಂಕ್ತಿ ತಪ್ಪಿದುದಾಗಲಿ ತಿಳಿಯುವುದಿಲ್ಲ. ತಾಳೆ ನೋಡುವ ವೇಳೆಗೆ ಮೂಲವು ಹುಳ ತಿಂದು ಹೋಗಿದ್ದರೆ ತಿಳಿದೂ ಫಲವಿಲ್ಲ.

ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಸಂಸ್ಥೆಯಲ್ಲಿ 2017ರ ಜನವರಿ 31ರಂದು ನಡೆದ ಘಟನೆ ಇದಕ್ಕೆ ಪ್ರಸಿದ್ಧವಾದ ನಿದರ್ಶನ. ಅಲ್ಲಿಯ ತಂತ್ರಜ್ಞರೊಬ್ಬರು ಒಂದು ಯಂತ್ರದಲ್ಲಿ ಅಳಿಸಬೇಕಾದುದನ್ನು ಬೇರೊಂದು ಯಂತ್ರದಲ್ಲಿ ಅಳಿಸಿದರು. ಸುಮಾರು 300 ಗಿಗಾಬೈಟ್ ದತ್ತಾಂಶದಲ್ಲಿ, ತಡೆಯುವಷ್ಟರಲ್ಲಿ, ಉಳಿದುದು 4.5 ಗಿಗಾಬೈಟ್ ಮಾತ್ರ. ಪ್ರತಿಗಳನ್ನು ಹುಡುಕಲು ಹೊರಟಾಗ ಐದು ಬಗೆಯ ರಕ್ಷಣಾ ವ್ಯವಸ್ಥೆಗಳಲ್ಲಿ ಒಂದೂ ನೆಚ್ಚುವಂತಿರಲಿಲ್ಲ. ಪ್ರತಿದಿನ ಪ್ರತಿಯನ್ನು ತೆಗೆಯಬೇಕಾಗಿದ್ದ ಸಾಧನದ ಆವೃತ್ತಿಯು ದತ್ತಸಂಚಯದ ಆವೃತ್ತಿಗಿಂತ ಹಳೆಯದಾಗಿದ್ದುದರಿಂದ ಅದು ವಿಫಲವಾಗುತ್ತಲೇ ಇತ್ತು. ವಿಫಲವಾಯಿತೆಂದು ತಿಳಿಸುವ ಪತ್ರಗಳು ಸಹ ಯಾರನ್ನೂ ತಲುಪುತ್ತಿರಲಿಲ್ಲ. ಆರು ಗಂಟೆಗಳ ಹಿಂದೆ ಬೇರೊಂದು ಪ್ರಯೋಗಕ್ಕಾಗಿ ತೆಗೆದಿದ್ದ ಒಂದು ಪ್ರತಿಯು ಅದೃಷ್ಟವಶಾತ್ ದೊರೆತುದರಿಂದ ಸಂಸ್ಥೆಯು ಉಳಿಯಿತು. ತಂತ್ರಾಂಶ ತಯಾರಿಕೆಯೇ ವೃತ್ತಿಯಾದವರಿಗೆ ಹೀಗಾದ ಮೇಲೆ ಗುಮಾಸ್ತರೊಬ್ಬರ ಮೇಲೆ ಎಲ್ಲವನ್ನೂ ಹೊರಿಸಿರುವ ಕಾರ್ಯಾಲಯಗಳು ಎಷ್ಟು ಜಾಗರೂಕವಾಗಿರಬೇಕೆಂಬುದನ್ನು ಊಹಿಸಬಹುದು.

ಪರೀಕ್ಷೆಯ ವಿಧಾನ ಕಠಿಣವೇನಲ್ಲ. ಹತ್ತು ವರ್ಷದ ಹಿಂದಿನ ಒಂದು ದಾಖಲೆ, ಕಳೆದ ವರ್ಷದ ಒಂದು, ನಿನ್ನೆಯ ಒಂದು ಹೀಗೆ ಆರಿಸಿಕೊಂಡು ಹೊಸ ಯಂತ್ರದಲ್ಲಿ ತೆರೆದು ಓದಬೇಕು. ಒಟ್ಟು ವಿದ್ಯಾರ್ಥಿಗಳ ಸಂಖ್ಯೆ, ಖಾತೆಯ ಅಂತಿಮ ಶಿಲ್ಕು ಎರಡು ಯಂತ್ರಗಳಲ್ಲಿಯೂ ಒಂದೇ ಇದೆಯೆ ಎಂದು ತಾಳೆ ನೋಡಬೇಕು. ಒಂದು ವರ್ಗಾವಣೆ ಪತ್ರವನ್ನು ಮುದ್ರಿಸಿ ನೋಡಬೇಕು. ಕಡತಗಳು ಅಕ್ಷರಶಃ ಒಂದೇ ಆಗಿವೆಯೆ ಎಂದು ತಿಳಿಯಲು ಎಸ್.ಎಚ್.ಎ. 256 ಎಂಬಂತಹ ಗಣಿತಕ್ರಮಗಳಿವೆ. ಕಡತದ ಒಂದು ಬಿಂದು ಬದಲಾದರೂ ಆ ಗಣಿತದ ಮೊತ್ತವು ಬೇರೆಯಾಗಿ ಬಿಡುತ್ತದೆ.

ಒಂದೇ ಪ್ರತಿಯನ್ನು ನೆಚ್ಚಬಾರದೆಂಬುದೂ ಇಲ್ಲಿಯೇ ಹೇಳತಕ್ಕ ಮಾತು. ಮೂರು ಪ್ರತಿಗಳಿರಬೇಕು, ಅವು ಎರಡು ಬಗೆಯ ಸಾಧನಗಳಲ್ಲಿರಬೇಕು, ಅವುಗಳಲ್ಲಿ ಒಂದು ಬೇರೆ ಕಟ್ಟಡದಲ್ಲಿರಬೇಕು ಎಂಬುದು ತಜ್ಞರು ಒಪ್ಪಿದ ನಿಯಮ. ಪ್ರತಿಯಿರುವ ಡಿಸ್ಕನ್ನು ಸದಾ ಯಂತ್ರಕ್ಕೆ ಜೋಡಿಸಿಯೇ ಇಟ್ಟರೆ ಯಂತ್ರಕ್ಕೆ ತಗಲಿದ ವೈರಸ್ ಪ್ರತಿಗೂ ತಗಲುತ್ತದೆ.

ಕನ್ನಡದ ವಿಶೇಷ ಸಮಸ್ಯೆ

ಕನ್ನಡದ ಕಾರ್ಯಾಲಯಗಳಿಗೆ ಇವುಗಳ ಜೊತೆಗೆ ಮತ್ತೊಂದು ತೊಡಕಿದೆ. 1998ರಲ್ಲಿ ಬಂದ ಬರಹ, ಅನಂತರ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ಮೊದಲಾದ ತಂತ್ರಾಂಶಗಳು ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಆದರೆ ಆ ಕಾಲದ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಕಡತಗಳೊಳಗೆ ಕನ್ನಡದ ಅಕ್ಷರಗಳು ಇರುವುದಿಲ್ಲ. ಇರುವುದು ರೋಮನ್ ಲಿಪಿಗೆ ಮೀಸಲಾದ ಸಂಖ್ಯೆಗಳು. ಆ ಸಂಖ್ಯೆಗಳಿಗೆ ಕನ್ನಡದ ಆಕಾರಗಳನ್ನು ತೊಡಿಸುವುದು ಯಂತ್ರದಲ್ಲಿ ಸ್ಥಾಪಿತವಾದ ಅಕ್ಷರವಿನ್ಯಾಸ. ಕಡತಗಳನ್ನು ಮಾತ್ರ ಹೊಸ ಯಂತ್ರಕ್ಕೆ ಒಯ್ದು ಅಕ್ಷರವಿನ್ಯಾಸವನ್ನು ಹಳೆಯದರಲ್ಲಿಯೇ ಬಿಟ್ಟರೆ ಪರದೆಯ ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಪಾಠವು ಒಂದು ಬಿಂದುವೂ ಕೆಡದೆ ಇದೆ, ಓದುವವರಿಲ್ಲ.

ಅಕ್ಷರವಿನ್ಯಾಸಗಳು ಬಳಕೆದಾರನ ಕಡತಗಳ ಜೊತೆ ಇರದೆ ವಿಂಡೋಸ್‌ನದೇ ಆದ ಸ್ಥಳದಲ್ಲಿ ಇರುವುದೇ ಇದಕ್ಕೆ ಕಾರಣ. ಇಡೀ ಡಿಸ್ಕಿನ ಪ್ರತಿಬಿಂಬದಲ್ಲಿ ಅವು ತಾವಾಗಿಯೇ ಬರುತ್ತವೆ. ಕಡತಗಳ ಪ್ರತಿಯಲ್ಲಿ ಬರುವುದಿಲ್ಲ. ಆದುದರಿಂದ ಅವುಗಳನ್ನು ಪಟ್ಟಿಯಲ್ಲಿ ಸೇರಿಸಿಕೊಂಡು ಒಯ್ಯಬೇಕು. ಶಾಶ್ವತವಾದ ಪರಿಹಾರವೆಂದರೆ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವುದು. 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅದರಲ್ಲಿ 128 ಸ್ಥಾನಗಳ ಪ್ರತ್ಯೇಕ ವಿಭಾಗ ದೊರೆತಿದೆ. ಆ ಕ್ರಮದಲ್ಲಿ ‘ಕ’ಕಾರವು ಯಾವ ಯಂತ್ರದಲ್ಲಿಯೂ ‘ಕ’ಕಾರವೇ. ಪರಿವರ್ತಕಗಳು ದೊರೆಯುತ್ತವೆ, ಆದರೆ ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಅವು ಎಡವುವುದುಂಟಾದುದರಿಂದ ಪರಿವರ್ತಿತ ಪಾಠವನ್ನು ಕನ್ನಡ ಬಲ್ಲವರು ಒಮ್ಮೆ ಓದಿ ತಿದ್ದಲೇಬೇಕು. ವಿದ್ಯಾರ್ಥಿಯ ಹೆಸರಿನಲ್ಲಿ ಒಂದು ಒತ್ತು ತಪ್ಪಿದರೂ ಮುಂದೆ ಅವನು ಕಚೇರಿಯಿಂದ ಕಚೇರಿಗೆ ಅಲೆಯಬೇಕಾದೀತು.

ದತ್ತಾಂಶವಿದ್ದೂ ಓದಲಾಗದ ಸ್ಥಿತಿ ದೊಡ್ಡ ದೇಶಗಳಿಗೂ ಒದಗಿದೆ. ಇಂಗ್ಲೆಂಡಿನಲ್ಲಿ 1086ರಲ್ಲಿ ಸಿದ್ಧವಾದ ಡೂಮ್ಸ್‌ಡೇ ಬುಕ್ ಎಂಬ ಭೂದಾಖಲೆಯ ಒಂಬೈನೂರನೆಯ ವರ್ಷದ ಸ್ಮರಣೆಗಾಗಿ ಬಿ.ಬಿ.ಸಿ. ಸಂಸ್ಥೆಯು 1986ರಲ್ಲಿ ಹೊಸದೊಂದು ಡೂಮ್ಸ್‌ಡೇ ಸಂಗ್ರಹವನ್ನು ಲೇಸರ್ ಡಿಸ್ಕುಗಳಲ್ಲಿ ಹೊರತಂದಿತು. ಹತ್ತು ಲಕ್ಷಕ್ಕೂ ಹೆಚ್ಚು ಜನ, ಅವರಲ್ಲಿ ಅನೇಕರು ಶಾಲಾಬಾಲಕರು, ಅದಕ್ಕೆ ಬರೆದರು. ಆದರೆ ಆ ಡಿಸ್ಕುಗಳನ್ನು ಓದುವ ವಿಶಿಷ್ಟ ಯಂತ್ರಗಳು ಬಳಕೆ ತಪ್ಪಿದುದರಿಂದ ಹದಿನೈದು ವರ್ಷ ತುಂಬುವುದರೊಳಗೆ ಅದು ಓದಲು ದುರ್ಲಭವಾಯಿತು. ಚರ್ಮದ ಹಾಳೆಯ ಮೇಲಿನ ಮೂಲ ಗ್ರಂಥವನ್ನಾದರೋ ಇಂದಿಗೂ ಓದಬಹುದು. ಕಡೆಗೆ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾನಿಲಯಗಳ ವಿದ್ವಾಂಸರು 2002ರ ವೇಳೆಗೆ ಹಳೆಯ ಯಂತ್ರವನ್ನು ಅನುಕರಿಸುವ ಕಲ್ಪಿತ ಯಂತ್ರವೊಂದನ್ನು ರಚಿಸಿ ಅದನ್ನು ಮತ್ತೆ ಓದಿಸಿದರು. ಸಾಗಿಸಬೇಕಾದುದು ಬರಹವನ್ನು ಮಾತ್ರವಲ್ಲ, ಅದನ್ನು ಓದುವ ಉಪಾಯವನ್ನೂ ಸಾಗಿಸಬೇಕೆಂಬುದು ಇದರಿಂದ ಸಿದ್ಧವಾಗುತ್ತದೆ.

ಹಳೆಯ ಯಂತ್ರದ ವಿಸರ್ಜನೆ

ಹೊಸ ಯಂತ್ರವು ನಡೆಯತೊಡಗಿದೊಡನೆ ಹಳೆಯದನ್ನು ಗುಜರಿಗೆ ಹಾಕುವ ಆತುರ ಸಲ್ಲದು. ಒಂದು ತಿಂಗಳ ವೇತನಪಟ್ಟಿ, ಒಂದು ಪರೀಕ್ಷೆಯ ಅಂಕಪಟ್ಟಿ ಹೊಸದರಲ್ಲಿ ಸುಸೂತ್ರವಾಗಿ ಮುಗಿಯುವವರೆಗೆ ಹಳೆಯ ಯಂತ್ರವನ್ನು ಮುಟ್ಟದೆ ಇಡಬೇಕು. ಆ ಬಳಿಕ ಅದರ ಡಿಸ್ಕನ್ನು ಶುದ್ಧಗೊಳಿಸಬೇಕು. ಕಡತವನ್ನು ಅಳಿಸಿದರೆ ಅಳಿಯುವುದು ಅದರ ಸೂಚಿ ಮಾತ್ರ; ಮೇಲೆ ಬೇರೊಂದನ್ನು ಬರೆಯುವವರೆಗೆ ಬರಹವು ಒಳಗೆ ಇದ್ದೇ ಇರುತ್ತದೆ. ಹಳೆಯ ಬಗೆಯ ಡಿಸ್ಕಿನ ಮೇಲೆ ಪೂರ್ತಿಯಾಗಿ ಬೇರೆ ಅಂಕಿಗಳನ್ನು ಬರೆಯಿಸಬೇಕು, ಎಸ್.ಎಸ್.ಡಿ.ಯಾದರೆ ತಯಾರಕರು ಒದಗಿಸುವ ಅಳಿಸುವ ಆದೇಶವನ್ನು ಬಳಸಬೇಕು. ಮಕ್ಕಳ ಹೆಸರು, ವಿಳಾಸ, ಪೋಷಕರ ದೂರವಾಣಿ ಸಂಖ್ಯೆಗಳು ಅಪರಿಚಿತರ ಕೈಸೇರದಂತೆ ನೋಡಿಕೊಳ್ಳುವುದು ಸಂಸ್ಥೆಯ ಹೊಣೆ. ಅನಂತರ ಯಂತ್ರವನ್ನು, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಿಗೆ ಅನುಗುಣವಾಗಿ, ನೋಂದಾಯಿತ ಸಂಸ್ಕರಣಕಾರರಿಗೆ ತಲುಪಿಸಬೇಕು.

ಒಟ್ಟಿನಲ್ಲಿ ಹೇಳುವುದಾದರೆ, ಬ್ಯಾಕಪ್ ತಂತ್ರಾಂಶವು ಒಂದು ಉಪಕರಣ. ಪಟ್ಟಿ ಮಾಡುವ ತಾಳ್ಮೆ, ಯಂತ್ರದ್ದು ಯಾವುದು ನಮ್ಮದು ಯಾವುದು ಎಂದು ಬೇರ್ಪಡಿಸುವ ವಿವೇಕ, ತಾಳೆ ನೋಡುವ ಶ್ರದ್ಧೆ ಇವು ಬಳಸುವವರಲ್ಲಿ ಇರಬೇಕಾದ ಗುಣಗಳು. ಗಣಕಶಾಸ್ತ್ರವನ್ನು ಓದುತ್ತಿರುವ ಮೇಲಿನ ತರಗತಿಗಳ ವಿದ್ಯಾರ್ಥಿಗಳು ಮುಂದಿನ ರಜೆಯಲ್ಲಿ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಪ್ರಯೋಗಶಾಲೆಯ ಒಂದು ಹಳೆಯ ಯಂತ್ರದ ಪ್ರತಿಯನ್ನು ತೆಗೆದು ಬೇರೊಂದರಲ್ಲಿ ಪುನಃಸ್ಥಾಪಿಸಿ ನೋಡಲಿ. ಒಮ್ಮೆ ಕೈಯಾರೆ ಮಾಡಿದವರಿಗೆ ಈ ಲೇಖನದ ಅಗತ್ಯ ಮತ್ತೆ ಬೀಳುವುದಿಲ್ಲ.